ಕ್ಲಾರ್ಕ್ಸ್‌ಡೇಲ್‌ನಲ್ಲಿ ಹಿರಿಯರ ಜೋಡಿ ಬ್ಲೂಸ್: ಹೊರಡುವವರಿಗೆ ಕೆಲವು ಮಾತು

ಅಮೆರಿಕದ ಮಿಸ್ಸಿಸ್ಸಿಪ್ಪಿ ರಾಜ್ಯದ ಡೆಲ್ಟಾ ಪ್ರದೇಶಕ್ಕೆ ಅಲ್ಲಿನ ಕಪ್ಪು ಜನರ ಹಾಡುಗಾರಿಕೆಯಾದ ಬ್ಲೂಸ್ ಕೇಳಲೆಂದೇ ಹೋಗುವವರು ದೊಡ್ಡ ವೇದಿಕೆಗಳ ಬೆನ್ನು ಹತ್ತುವ ಬದಲು, ಇಬ್ಬರು ಹಿರಿಯ ಕಲಾವಿದರು ಒಂದು ಗಿಟಾರು, ಒಂದು ಮೌತ್ ಆರ್ಗನ್ ಹಿಡಿದು ಕೂರುವ ಸಣ್ಣ ಕೋಣೆಯನ್ನು ಹುಡುಕಿಕೊಳ್ಳಬೇಕೆಂಬುದು ಏಪ್ರಿಲ್‌ನಲ್ಲಿ ಕ್ಲಾರ್ಕ್ಸ್‌ಡೇಲ್‌ಗೆ ಹೋಗಿಬಂದ ನನ್ನ ಖಚಿತ ಅಭಿಪ್ರಾಯ.

ಮೆಂಫಿಸ್ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ಪಡೆದು 61ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ಹೋದರೆ ಊರು ಸಿಗುತ್ತದೆ. ರೈಲಿನಲ್ಲಿ ಬರುವವರು ಮಾರ್ಕ್ಸ್ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿಯಬಹುದು, ಆದರೆ ಅಲ್ಲಿಂದ ಮುಂದಿನ ವಾಹನವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಏಪ್ರಿಲ್ ಮಧ್ಯದ ಜೂಕ್ ಜಾಯಿಂಟ್ (ಹಾಡು-ಕುಣಿತದ ಸಣ್ಣ ಪಾನಗೃಹ) ಉತ್ಸವದ ದಿನಗಳಲ್ಲಿ ಕೋಣೆ ಸಿಗುವುದು ಬಹಳ ಕಷ್ಟ. ಮೂರು ತಿಂಗಳು ಮೊದಲು ವಿಚಾರಿಸಿದ ನಮಗೆ ಊರೊಳಗೆ ಎಲ್ಲಿಯೂ ಜಾಗ ದೊರೆಯದೆ, ಮಿಸ್ಸಿಸ್ಸಿಪ್ಪಿ ನದಿಯಾಚೆಯ ಹೆಲೆನಾ ಎಂಬ ಊರಿನಲ್ಲಿ ಉಳಿದು, ಪ್ರತಿ ರಾತ್ರಿ ಕತ್ತಲ ಹೊಲಗಳ ನಡುವೆ 50 ಕಿಲೋಮೀಟರ್ ಕಾರು ಓಡಿಸಬೇಕಾಯಿತು. ಹಿಂದಿನ ವರ್ಷವೇ ಕಾದಿರಿಸುವುದು ಕ್ಷೇಮ.

ಹೊರಡುವ ಮೊದಲು ಸನ್ನಿ ಟೆರಿ ಮತ್ತು ಬ್ರೌನಿ ಮೆಕ್‌ಗೀ ಅವರ ಧ್ವನಿಮುದ್ರಿಕೆಗಳನ್ನು ಕೇಳಿರಿ. ಅವರು ಡೆಲ್ಟಾದವರಲ್ಲ, ಅಮೆರಿಕದ ಪೂರ್ವ ಭಾಗದ ಪೀಡ್‌ಮಾಂಟ್ ಎಂಬ ಬ್ಲೂಸ್ ಶೈಲಿಯವರು. ಆದರೂ ಇಬ್ಬರೇ ಕೂಡಿ ಬ್ಲೂಸ್ ನುಡಿಸುವುದೆಂದರೆ ಏನೆಂದು ತಿಳಿಯಲು ಅವರಿಗಿಂತ ಒಳ್ಳೆಯ ದಾರಿಯನ್ನು ನಾನರಿಯೆ. ಟೆರಿ ದೃಷ್ಟಿ ಕಳೆದುಕೊಂಡ ಮೌತ್ ಆರ್ಗನ್ ವಾದಕ, ಮೆಕ್‌ಗೀ ಬಾಲ್ಯದಲ್ಲಿ ಪೋಲಿಯೊ ತಗುಲಿದ ಗಿಟಾರ್ ವಾದಕ; ಮೂರು ದಶಕಗಳಿಗೂ ಹೆಚ್ಚು ಕಾಲ ಜೊತೆಯಾಗಿ ನುಡಿಸಿದ ಇಬ್ಬರಿಗೂ 1982ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆಯ ಗೌರವ ಸಂದಿತು.

ಶನಿವಾರ ಮಧ್ಯಾಹ್ನ ನಾವು ಕೇಳಿದ ಜೋಡಿಯಲ್ಲಿ ಇಬ್ಬರೂ ಎಪ್ಪತ್ತು ದಾಟಿದವರಂತೆ ಕಂಡರು. ಬ್ಲೂಸ್ ಹಾಡಿಗೆ 12 ಆವರ್ತಗಳ ಚೌಕಟ್ಟೆಂದು ಪುಸ್ತಕಗಳು ಹೇಳುತ್ತವೆ. ಆ ಹಿರಿಯರು ಮಾತ್ರ ಸಾಲೊಂದು ಮನಸ್ಸಿಗೆ ಹಿಡಿದರೆ ಅರ್ಧ ಆವರ್ತ ಹೆಚ್ಚು ನಿಲ್ಲುತ್ತಿದ್ದರು, ಕೆಲವೊಮ್ಮೆ ಬೇಗನೆ ತಿರುಗಿಬಿಡುತ್ತಿದ್ದರು. ಡ್ರಮ್ ಇಲ್ಲ, ಎಣಿಸುವವರಿಲ್ಲ. ಗಿಟಾರಿನವರ ಹೆಬ್ಬೆರಳು ಮಂದ್ರದ ತಂತಿಯಲ್ಲಿ ಲಯ ಕಾಯುತ್ತಿತ್ತು, ಜೊತೆಗಾರರು ಅವರ ಉಸಿರನ್ನೇ ಗಮನಿಸಿ ಸರಿಯಾದ ಕ್ಷಣದಲ್ಲಿ ಬಂದು ಸೇರುತ್ತಿದ್ದರು. ನಮ್ಮ ಜುಗಲ್‌ಬಂದಿಯಂತೆ ಸವಾಲು ಹಾಕುವ ಉತ್ಸಾಹ ಇಲ್ಲಿ ಕಾಣಲಿಲ್ಲ. ಹಾಡಿನ ಸಾಲು ಮುಗಿದು ಉಳಿದ ಜಾಗದಲ್ಲಿ ಮೌತ್ ಆರ್ಗನ್ ಉತ್ತರ ಕೊಡುತ್ತಿತ್ತು, ಅಷ್ಟೇ. ಗಿಟಾರು ಇ ಶ್ರುತಿಯಲ್ಲಿದ್ದಾಗ ಜೊತೆಗಾರರು ಎ ಶ್ರುತಿಯ ಮೌತ್ ಆರ್ಗನ್ ತೆಗೆದುಕೊಂಡದ್ದನ್ನು ನೋಡಿ ವಿರಾಮದಲ್ಲಿ ಕೇಳಿದೆ. ಉಸಿರನ್ನು ಒಳಗೆಳೆದು ಸ್ವರವನ್ನು ಬಾಗಿಸಲು ಹಾಗೆ ಅನುಕೂಲವೆಂದು ಅವರು ತಾಳ್ಮೆಯಿಂದ ನುಡಿಸಿಯೇ ತೋರಿಸಿದರು.

ಆದ್ದರಿಂದ ಧ್ವನಿವರ್ಧಕದ ಎದುರು ಕೂರದೆ, ಇಬ್ಬರ ಮುಖವೂ ಗಿಟಾರಿನವರ ತಾಳ ಹಾಕುವ ಪಾದವೂ ಕಾಣುವಂತೆ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಉತ್ಸವದ ಹಗಲಿನ ಕಚೇರಿಗಳು ಉಚಿತ, ರಾತ್ರಿಯವಕ್ಕೆ ಹಣ ಕೊಟ್ಟು ಕೈಪಟ್ಟಿ ಪಡೆಯಬೇಕು. ಚಿಲ್ಲರೆ ಡಾಲರುಗಳು ಜೇಬಿನಲ್ಲಿರಲಿ: ಮುಂದಿಟ್ಟ ಬಕೆಟ್ಟಿಗೆ ಹಾಕುವ ಹಣ ನೇರವಾಗಿ ಕಲಾವಿದರಿಗೆ ಸೇರುತ್ತದೆ, ಅವರೇ ಮಾರುವ ಸಿ.ಡಿ.ಯನ್ನು ಕೊಂಡರೆ ಇನ್ನೂ ಒಳ್ಳೆಯದು. ನುಡಿಸುವಾಗ ಮಾತನಾಡುತ್ತ ಚಿತ್ರೀಕರಿಸುವುದನ್ನು ದಯವಿಟ್ಟು ಬಿಡಿ. ಅಷ್ಟು ಸಣ್ಣ ಕೋಣೆಯಲ್ಲಿ ಅದು ಅವರ ಕಿವಿಗೂ ಬೀಳುತ್ತದೆ.

ಬೆಳಗಿನ ಹೊತ್ತನ್ನು 1918ರ ಹಳೆಯ ರೈಲ್ವೆ ಸರಕು ಕಟ್ಟಡದಲ್ಲಿರುವ ಡೆಲ್ಟಾ ಬ್ಲೂಸ್ ವಸ್ತುಸಂಗ್ರಹಾಲಯಕ್ಕೆ ಕೊಡಿ. ಹೆಸರಾಂತ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ವಾಸವಿದ್ದ ಮರದ ಮನೆಯ ಭಾಗ ಅಲ್ಲಿದೆ. ಶನಿವಾರವೇ ಹಿಂದಿರುಗುವ ಟಿಕೆಟ್ ಮಾತ್ರ ತೆಗೆಯಬೇಡಿ. ಜನಸಂದಣಿ ಕರಗಿದ ಭಾನುವಾರ ಅದೇ ಇಬ್ಬರು ಬೀದಿಬದಿಯಲ್ಲಿ ಮೈಕ್ ಇಲ್ಲದೆ ನುಡಿಸುತ್ತಿದ್ದರು, ಕೇಳಲು ನಾವು ಒಂಬತ್ತು ಜನರಿದ್ದೆವು.