80 ತುಂಬಿದ ಲೈನ್‌ಮನ್

7 ಆಗಸ್ಟ್ 2025, ಗುರುವಾರ
ಮಿನಿಯಾಪೊಲಿಸ್

ಇವತ್ತು ಅಲನ್ ಪೇಜ್ ಅವರಿಗೆ 80 ತುಂಬಿತು. ರಾತ್ರಿ ಅಣ್ಣ ಫೋನ್ ಮಾಡಿದಾಗ ಹೇಳಿದೆ, "ಇಲ್ಲೊಬ್ಬ ದೊಡ್ಡ ಫುಟ್‌ಬಾಲ್ ಆಟಗಾರರ ಹುಟ್ಟುಹಬ್ಬ ಕಣೋ" ಅಂತ. "ಯಾವ ಟೀಮು, ಬ್ರೆಜಿಲಾ?" ಅಂದ. ಇಲ್ಲಿನ ಫುಟ್‌ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಓಡೋದೇ ಜಾಸ್ತಿ ಅಂತ ಮೊದಲಿಂದ ಬಿಡಿಸಿ ಹೇಳಬೇಕಾಯಿತು.

ಅದರಲ್ಲೂ ಲೈನ್‌ಮನ್ ಅಂದರೆ ಯಾರು ಅಂತ ಹೇಳುವುದು ಇನ್ನೂ ಕಷ್ಟ. ಎರಡೂ ಕಡೆಯ ದೈತ್ಯರು ಕೈಯನ್ನು ನೆಲಕ್ಕೂರಿ ಎದುರುಬದುರು ಬಗ್ಗಿರುತ್ತಾರೆ. ಚೆಂಡು ಅಲ್ಲಾಡಿದ ಕೂಡಲೇ ಡಿಕ್ಕಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಇವರು ಮಣ್ಣಲ್ಲಿ ಬಿದ್ದಿರುತ್ತಾರೆ. ಕಬಡ್ಡಿಯಲ್ಲಿ ರೈಡರ್‌ಗೆ ಸಿಳ್ಳೆ, ಕಾಲು ಹಿಡಿದವನಿಗೆ ತರಚು ಗಾಯ, ಹೆಚ್ಚುಕಮ್ಮಿ ಹಾಗೆ.

ಆ ಜಾಗದಲ್ಲಿ ನಿಂತು ಆಡಿದ ಪೇಜ್ 1971ರಲ್ಲಿ ಇಡೀ ಎನ್‌ಎಫ್‌ಎಲ್‌ನ, ಅಂದರೆ ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್‌ನ, ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು. ಎದುರಾಳಿಯನ್ನು ತಡೆಯುವ ಕಡೆಯ ಆಟಗಾರನಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಆಮೇಲೆ 1986ರಲ್ಲಿ ಲಾರೆನ್ಸ್ ಟೇಲರ್‌ಗೆ ಸಿಕ್ಕಿತು, ಅಷ್ಟೇ. 15 ಸೀಸನ್, 218 ಪಂದ್ಯ, ಒಂದೂ ತಪ್ಪಿಸಲಿಲ್ಲ. ಇಲ್ಲಿನ ವೈಕಿಂಗ್ಸ್ ತಂಡದ ಜೊತೆ ನಾಲ್ಕು ಸೂಪರ್ ಬೌಲ್‌ಗೆ, ಅಂದರೆ ಲೀಗ್‌ನ ಫೈನಲ್‌ಗೆ, ಹೋದರು, ನಾಲ್ಕನ್ನೂ ಸೋತರು. ಈ ಊರಿನವರಿಗೆ ಆ ನೋವು ಇನ್ನೂ ಹೋಗಿಲ್ಲ.

ನನಗೆ ಇಷ್ಟವಾಗುವುದು ಅವರು ತಂಡದಿಂದ ಹೊರಬಿದ್ದ ಕಥೆ. ಹೆಂಡತಿ ಡಯಾನ್ ಸಿಗರೇಟು ಬಿಡಬೇಕು ಅಂತ ಓಡಲು ಶುರು ಮಾಡಿದರಂತೆ. ಜೊತೆಗೆ ಹೋದ ಇವರಿಗೂ ಓಟದ ಹುಚ್ಚು ಹಿಡಿಯಿತು. ತೂಕ ನೂರು ಕೆಜಿ ಆಸುಪಾಸಿಗೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಅದೇ ಭಾರಿ, ಆದರೆ ಆ ಜಾಗಕ್ಕೆ ಸಾಲದು ಅಂತ 1978ರಲ್ಲಿ ತಂಡ ಕೈಬಿಟ್ಟಿತು. ಶಿಕಾಗೊ ಬೇರ್ಸ್ ಕರೆದುಕೊಂಡಿತು. ಮುಂದಿನ ವರ್ಷವೇ ಪೂರ್ತಿ ಮ್ಯಾರಥಾನ್ ಓಡಿ ಮುಗಿಸಿದರು! ಎನ್‌ಎಫ್‌ಎಲ್‌ನಲ್ಲಿ ಆಡುತ್ತಿರುವಾಗಲೇ ಅದನ್ನು ಮಾಡಿದವರಲ್ಲಿ ಇವರೇ ಮೊದಲಿಗರು. ಈ ಗಲಾಟೆಯ ಮಧ್ಯೆ, ಅದೇ 1978ರಲ್ಲಿ, ಮಿನೆಸೋಟ ವಿಶ್ವವಿದ್ಯಾಲಯದಿಂದ ಕಾನೂನು ಪದವಿಯನ್ನೂ ಪಡೆದರು.

ಆಟ ಬಿಟ್ಟುಹೋದ ಒಂದು ಗುರುತು ಅವರ ಕಿರುಬೆರಳು. ಎಷ್ಟೋ ಸಲ ಕೀಲು ತಪ್ಪಿ ಈಗ ಅಂಗೈಗೆ ಅಡ್ಡಡ್ಡ ತಿರುಗಿ ನಿಂತಿದೆ. ಫೋಟೋದಲ್ಲಿ ನೋಡಿದರೆ ಅದು ಬೇರೆ ಯಾರದೋ ಬೆರಳು ಅನ್ನಿಸುತ್ತದೆ. ಶಾಲೆಗೆ ಹೋದಾಗ ಮಕ್ಕಳು ಪ್ರಶಸ್ತಿ ಬಿಟ್ಟು ಬೆರಳಿನ ಬಗ್ಗೆಯೇ ಕೇಳುತ್ತಿದ್ದರಂತೆ. ಕೊನೆಗೆ ಮಗಳ ಜೊತೆ ಸೇರಿ ಆ ಬೆರಳಿನ ಮೇಲೇ ಮಕ್ಕಳ ಪುಸ್ತಕ ಬರೆದರು.

ಮಿನೆಸೋಟದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳೂ ಚುನಾವಣೆಗೆ ನಿಲ್ಲಬೇಕು. 1992ರಲ್ಲಿ ಗವರ್ನರ್ ಹಾಲಿ ನ್ಯಾಯಮೂರ್ತಿಯ ಅವಧಿ ವಿಸ್ತರಿಸಿದ್ದರಿಂದ ಚುನಾವಣೆಯೇ ಮುಂದಕ್ಕೆ ಹೋಗುವ ಹಾಗಿತ್ತು. ನಿಲ್ಲಬೇಕು ಅಂದುಕೊಂಡಿದ್ದ ಪೇಜ್ ಕೇಸು ಹಾಕಿದರು, ಕೇಸೂ ಗೆದ್ದರು, ಚುನಾವಣೆಯೂ ಗೆದ್ದರು. ಆ ಪೀಠದಲ್ಲಿ ಕೂತ ಮೊದಲ ಕಪ್ಪು ನ್ಯಾಯಮೂರ್ತಿ. 70 ತುಂಬಿದಾಗ ನಿಯಮದಂತೆ 2015ರಲ್ಲಿ ನಿವೃತ್ತರಾದರು.

ಆದರೆ ನನ್ನ ಪ್ರಕಾರ ಅವರ ಜೀವನದ ದೊಡ್ಡ ವರ್ಷ 1988. ಆ ವರ್ಷ ಒಹಾಯೊದ ಕ್ಯಾಂಟನ್‌ನಲ್ಲಿರುವ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ, ಅಂದರೆ ಶ್ರೇಷ್ಠ ಆಟಗಾರರ ಗೌರವ ಭವನಕ್ಕೆ, ಅವರನ್ನು ಸೇರಿಸಿಕೊಂಡರು. ಕ್ಯಾಂಟನ್ ಅವರು ಹುಟ್ಟಿದ ಊರು. ಆ ಕಟ್ಟಡ ಕಟ್ಟುವಾಗ ಹುಡುಗನಾಗಿ ಅಲ್ಲಿ ಕೂಲಿ ಕೆಲಸ ಮಾಡಿದ್ದರು. ಅಲ್ಲಿ ಪ್ರತಿ ಆಟಗಾರನನ್ನೂ ಒಬ್ಬರು ಪರಿಚಯಿಸುತ್ತಾರೆ, ಸಾಮಾನ್ಯವಾಗಿ ಹಳೇ ಕೋಚ್. ಪೇಜ್ ಮಿನಿಯಾಪೊಲಿಸ್‌ನ ಒಂದು ಹೈಸ್ಕೂಲಿನ ಪ್ರಿನ್ಸಿಪಾಲ್ ವಿಲಾರೀನ್ ಬೀಸ್ಲಿ ಅವರನ್ನು ಕರೆದುಕೊಂಡು ಹೋದರು. ಭಾಷಣವೂ ಓದಿನ ಬಗ್ಗೆಯೇ. ತಂಡದ ಆಟದ ತಂತ್ರಗಳ ಪುಸ್ತಕ ಓದುವುದಕ್ಕೇ ತಡವರಿಸಿದ ಜೊತೆ ಆಟಗಾರರನ್ನು ಅವರು ನೋಡಿದ್ದರು. ಕಾಲೇಜು ದಾಟಿ ಬಂದವರೇ ಅವರು! ಚೆನ್ನಾಗಿ ಆಡುತ್ತಿದ್ದರೆ ಸಾಕು, ಓದಲು ಬರುತ್ತದೋ ಇಲ್ಲವೋ ಯಾರಿಗೂ ಬೇಕಿರಲಿಲ್ಲ, ಅಲ್ವಾ.

ಅದೇ ವರ್ಷ ಡಯಾನ್ ಜೊತೆ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದರು. ಕಪ್ಪು ಮತ್ತು ಇತರ ಬಿಳಿಯೇತರ ಸಮುದಾಯಗಳ ಮಕ್ಕಳಿಗೆ ಕಾಲೇಜು ಓದಲು ದುಡ್ಡು ಕೊಡುವ ಸಂಸ್ಥೆ. ಸುಮ್ನೆ ಕೊಡುವುದಿಲ್ಲ. ದುಡ್ಡು ತೆಗೆದುಕೊಂಡವರು ವರ್ಷಕ್ಕೆ 50 ಗಂಟೆ ಚಿಕ್ಕ ಮಕ್ಕಳ ಜೊತೆ ಕೂತು ಓದಿಸಬೇಕು. ಶಿಶುವಿಹಾರದಿಂದ ಎಂಟನೇ ಕ್ಲಾಸಿನವರೆಗಿನ ಮಕ್ಕಳು. ನನಗೆ ಈ ಷರತ್ತೇ ಸ್ಕಾಲರ್‌ಶಿಪ್‌ಗಿಂತ ದೊಡ್ಡದು ಅನ್ನಿಸುತ್ತದೆ. ಎರಡನೇ ಕ್ಲಾಸಿನ ಹುಡುಗನಿಗೆ ಜಡ್ಜ್ ಬಂದು ಬುದ್ಧಿ ಹೇಳಿದರೆ ತಾತ ಹೇಳಿದ ಹಾಗೆ. ತನ್ನದೇ ಬೀದಿಯ ಅಕ್ಕ ಒಬ್ಬಳು ಕಾಲೇಜಿಗೆ ಹೋಗುತ್ತಾ, ವಾರಕ್ಕೊಮ್ಮೆ ಬಂದು ಲೆಕ್ಕ ಹೇಳಿಕೊಟ್ಟರೆ ಮನಸ್ಸಿಗೆ ನಾಟುತ್ತದೆ. ಹೀಗೆ ಓದಿದವರು ಸಾವಿರಾರು ಮಂದಿ ಆದರು. ನಮ್ಮಲ್ಲಿ ಸ್ಕಾಲರ್‌ಶಿಪ್ ಕೊಡುವ ಜಾತಿ ಸಂಘಗಳು ಬೇಕಾದಷ್ಟಿವೆ. ಶಾಲು, ಹಾರ, ಚೆಕ್ ಹಿಡಿದು ಒಂದು ಫೋಟೋ, ಊಟ. ಅವರೂ ಇಂಥ ಷರತ್ತು ಹಾಕಲಿ.

2018ರಲ್ಲಿ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ ಬಂತು. ಅದೇ ವರ್ಷ ಡಯಾನ್ ತೀರಿಕೊಂಡರು.

ಆಮೇಲೂ ಪೇಜ್ ಸುಮ್ಮನೆ ಕೂರಲಿಲ್ಲ. 2020ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ವ್ಯವಸ್ಥೆಗೆ ಸೇರಿದ ಇಲ್ಲಿನ ಫೆಡರಲ್ ರಿಸರ್ವ್ ಬ್ಯಾಂಕಿನ ಅಧ್ಯಕ್ಷ ನೀಲ್ ಕಶ್ಕರಿ ಜೊತೆ ಸೇರಿ, ಒಳ್ಳೆಯ ಸರ್ಕಾರಿ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಅಂತ ರಾಜ್ಯದ ಸಂವಿಧಾನದಲ್ಲಿ ಬರೆಯಬೇಕು ಅಂದರು. ಕಶ್ಕರಿ ಅವರ ಅಪ್ಪ ಅಮ್ಮ ಕಾಶ್ಮೀರದವರು. ಶಿಕ್ಷಕರ ಸಂಘ ವಿರೋಧಿಸಿತು. ಅದು ಇನ್ನೂ ಜನರ ಮತಕ್ಕೆ ಬಂದಿಲ್ಲ.

ಇದನ್ನು ಹೇಳಿದಾಗ ಅಣ್ಣ ತಕ್ಷಣ, "ನಮ್ಮಲ್ಲಿ ಅದು ಯಾವತ್ತೋ ಆಗಿದೆಯಲ್ಲ" ಅಂದ. ನಿಜ. ಅದರಲ್ಲೂ ಕರ್ನಾಟಕದ ಕೇಸಿನಿಂದಲೇ ದಾರಿ ಆಯಿತು. ಕ್ಯಾಪಿಟೇಶನ್ ಶುಲ್ಕದ ಬಗ್ಗೆ ಮೋಹಿನಿ ಜೈನ್ ಕೇಸಿನಲ್ಲಿ 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಹಕ್ಕು ಅಂದಿತು. 2002ರಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಅದು ಸಂವಿಧಾನದೊಳಗೇ ಬಂತು. "ಹಾಗಾದರೆ ನಿನ್ನ ಮಗನನ್ನು ಸರ್ಕಾರಿ ಶಾಲೆಗೆ ಯಾಕೆ ಕಳಿಸಲಿಲ್ಲ?" ಅಂದೆ. ಅಲ್ಲಿ ಬೆಳಗಾಗಿತ್ತು, ಹಾಲಿನವನು ಬಂದ ಅಂತ ಫೋನಿಟ್ಟ.