ಬಿಸಿಲಿಗೆ ಮುಂಚೆ ಬೆಟ್ಟ ಹತ್ತುವ ದಾರಿ: ನಾಯಿ, ಬೆಕ್ಕಿನ ಜೊತೆ ಆರ್‌ವಿಯಲ್ಲಿ ಕ್ವಾರ್ಟ್‌ಸೈಟ್‌ನಿಂದ ಯೆಲ್ಲೋಸ್ಟೋನ್‌ಗೆ

ಅರಿಜೋನಾದ ಮರುಭೂಮಿಯಲ್ಲಿ ಚಳಿಗಾಲ ಕಳೆದು ಬೇಸಿಗೆಗೆ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಸೇರುವುದು ಆರ್‌ವಿಯನ್ನೇ (ಮಲಗಲು, ಅಡುಗೆ ಮಾಡಲು ಜಾಗವಿರುವ ವಾಹನ) ಮನೆ ಮಾಡಿಕೊಂಡವರಿಗೆ ಚೆನ್ನಾಗಿ ಗೊತ್ತಿರುವ ದಾರಿ. ಜೊತೆಗೆ ನಾಯಿ, ಬೆಕ್ಕು ಇದ್ದರೆ ಅದೇ ನಕ್ಷೆಯನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಊರಲ್ಲಿ ನೋಡಲು ಏನಿದೆ ಎನ್ನುವುದು ಆಮೇಲಿನ ಮಾತು, ಊರು ಎಷ್ಟು ಎತ್ತರದಲ್ಲಿದೆ ಎನ್ನುವುದು ಮೊದಲಿನ ಮಾತು. ಸಾವಿರ ಅಡಿ ಮೇಲೇರಿದರೆ ಸರಾಸರಿ 3.5 ಡಿಗ್ರಿ ತಂಪಾಗುತ್ತದೆ (ಇಲ್ಲಿನ ಡಿಗ್ರಿಗಳೆಲ್ಲ ಫ್ಯಾರನ್‌ಹೀಟ್). ಹೊರಡುವ ಊರಾದ ಅರಿಜೋನಾದ ಕ್ವಾರ್ಟ್‌ಸೈಟ್ ಇರುವುದು 900 ಅಡಿಗೂ ಕಡಿಮೆ ಎತ್ತರದಲ್ಲಿ. ಫ್ಲ್ಯಾಗ್‌ಸ್ಟಾಫ್ ಸುಮಾರು 7,000 ಅಡಿ, ಬ್ರೈಸ್ ಕ್ಯಾನ್ಯನ್‌ನ ಅಂಚು 8,000 ಅಡಿಗೂ ಮೇಲೆ. ಬಿಸಿಲು ಬೆನ್ನು ಹತ್ತುವ ಮೊದಲೇ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತುತ್ತಾ ಹೋಗಬೇಕು.

ಕ್ವಾರ್ಟ್‌ಸೈಟ್‌ನ ದಕ್ಷಿಣಕ್ಕಿರುವ ಲಾ ಪೋಸಾದಲ್ಲಿ ಸರ್ಕಾರಿ ಭೂಮಿಯ ಮೇಲೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪರವಾನಗಿ ಪಡೆದು ತಂಗಬಹುದು. ಕುಡಿಯುವ ನೀರು, ಕಸ ಹಾಕುವ ಜಾಗ, ಕೊಳಚೆ ಟ್ಯಾಂಕ್ ಖಾಲಿ ಮಾಡುವ ಡಂಪ್ ಸ್ಟೇಷನ್ ಅಲ್ಲಿವೆ. ಕರೆಂಟ್ ಇಲ್ಲ. ಜನವರಿ, ಫೆಬ್ರವರಿಯಲ್ಲಿ ಎಸಿ ಬೇಕಾಗುವುದೂ ಇಲ್ಲ, ಸೋಲಾರ್ ಸಾಕು. ಪ್ರಾಣಿಗಳಿಗೆ ಇಲ್ಲಿನ ದೊಡ್ಡ ಕಾಟವೆಂದರೆ ಚೋಯಾ ಕಳ್ಳಿ. ಅದರ ಮುಳ್ಳಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಿಮ್ಮುಖ ಕೊಕ್ಕೆಗಳಿರುತ್ತವೆ. ಹಾಗಾಗಿ ಒಳಹೋಗುವುದು ಸಲೀಸು, ಹೊರಬರುವುದು ಕಷ್ಟ. ಕಳ್ಳಿಯ ತುಂಡು ಪಾದಕ್ಕೆ ಅಂಟಿದ ಕೂಡಲೇ ನಾಯಿ ಅದನ್ನು ಬಾಯಿಂದ ಕಿತ್ತುಕೊಳ್ಳಲು ಹೋಗುತ್ತದೆ. ಆಗ ಒಂದು ಗಾಯ ಎರಡಾಗುತ್ತದೆ, ನಾಲಿಗೆಗೂ ಮುಳ್ಳು. ಆದ್ದರಿಂದ ಮೊದಲು ಒಬ್ಬರು ನಾಯಿಯ ತಲೆ ಹಿಡಿಯಬೇಕು. ಇನ್ನೊಬ್ಬರು ಅಗಲ ಹಲ್ಲಿನ ಬಾಚಣಿಗೆಯನ್ನು ಚರ್ಮಕ್ಕೂ ಕಳ್ಳಿಯ ಉಂಡೆಗೂ ನಡುವೆ ತೂರಿಸಿ, ಯಾರೂ ಇಲ್ಲದ ದಿಕ್ಕಿಗೆ ಒಂದೇ ಏಟಿಗೆ ಚಿಮ್ಮಿಸಬೇಕು. ಉಳಿದ ಮುಳ್ಳುಗಳನ್ನು ಇಕ್ಕಳದಿಂದ ಬುಡದಲ್ಲಿ ಹಿಡಿದು, ಹೊಕ್ಕ ಕೋನದಲ್ಲೇ ನೇರವಾಗಿ ಎಳೆಯಬೇಕು. ಕೊನೆಗೆ ತುಟಿಯ ಒಳಭಾಗ, ನಾಲಿಗೆಯ ಅಡಿ, ಬೆರಳುಗಳ ಸಂದು ಟಾರ್ಚ್ ಬಿಟ್ಟು ನೋಡಬೇಕು. ಬಾಚಣಿಗೆ ಮತ್ತು ಇಕ್ಕಳ ಇರಬೇಕಾದ್ದು ಆರ್‌ವಿಯ ಡ್ರಾಯರ್‌ನಲ್ಲಲ್ಲ, ವಾಕಿಂಗ್ ಹೋಗುವವರ ಜೇಬಿನಲ್ಲಿ.

ಮರುಭೂಮಿಯ ಧೂಳಿನಲ್ಲಿರುವ ಒಂದು ಶಿಲೀಂಧ್ರದಿಂದ ವ್ಯಾಲಿ ಫೀವರ್ ಬರುತ್ತದೆ. ನೆಲ ಅಗೆದು ಮೂಸುವ ನಾಯಿಗಳಿಗೆ ಅಪಾಯ ಹೆಚ್ಚು. ಕೆಮ್ಮು, ಜ್ವರ, ಊಟ ಬಿಡುವುದು, ಕೆಲವೊಮ್ಮೆ ಕುಂಟುವುದು ಇದರ ಲಕ್ಷಣಗಳು. ಕಾಯಿಲೆ ಕಾಣಿಸಿಕೊಳ್ಳುವುದು ವಾರಗಟ್ಟಲೆ ತಡವಾಗಿ, ಅಷ್ಟರಲ್ಲಿ ಗಾಡಿ ಬೇರೆ ರಾಜ್ಯದಲ್ಲಿರುತ್ತದೆ. ಅಲ್ಲಿನ ಪಶುವೈದ್ಯರಿಗೆ "ಚಳಿಗಾಲ ಅರಿಜೋನಾದಲ್ಲಿದ್ದೆವು" ಎಂದು ನಾವಾಗಿಯೇ ಹೇಳದಿದ್ದರೆ ಅವರು ಈ ದಿಕ್ಕಿನಲ್ಲಿ ಯೋಚಿಸದೇ ಹೋಗಬಹುದು.

ಹೊರಡುವ ಮುನ್ನ ಕಾಗದಪತ್ರ. ರೇಬಿಸ್ ಲಸಿಕೆಯ ಪ್ರಮಾಣಪತ್ರದ ಮೂಲಪ್ರತಿ ಗಾಡಿಯಲ್ಲಿ, ಫೋಟೋ ಫೋನಿನಲ್ಲಿ. ಕೊರಳಿನ ಬಿಲ್ಲೆಯ ಮೇಲೆ ವಿಳಾಸ ಬೇಡ, ಎರಡು ಫೋನ್ ನಂಬರ್ ಸಾಕು. ಮೈಕ್ರೋಚಿಪ್ ಹಾಕಿಸಿದರಷ್ಟೇ ಕೆಲಸ ಮುಗಿಯುವುದಿಲ್ಲ, ಅದರ ದಾಖಲೆಯಲ್ಲಿ ಈಗಿನ ನಂಬರ್ ಇರಬೇಕು. ಹಾರ್ಟ್‌ವರ್ಮ್ (ಸೊಳ್ಳೆಯಿಂದ ಹರಡುವ ಹೃದಯದ ಹುಳು) ತಡೆಯುವ ಮಾತ್ರೆ ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ, ಚೀಟಿಗೆ ಸಾಮಾನ್ಯವಾಗಿ ವರ್ಷದೊಳಗಿನ ತಪಾಸಣೆ ಬೇಕು. ಆದ್ದರಿಂದ ವರ್ಷಕ್ಕೊಮ್ಮೆ ಒಬ್ಬರೇ ವೈದ್ಯರ ಬಳಿ ಹೋಗಿ, ಇಡೀ ವರ್ಷದ ಮಾತ್ರೆಯನ್ನು ಒಟ್ಟಿಗೇ ಪಡೆಯುವುದು ಒಳ್ಳೆಯದು.

ಇನ್ನು ಹೊರಡುವ ದಿನದ ಬೆಳಗ್ಗೆ. ಆರ್‌ವಿಯಲ್ಲಿ ಬೆಕ್ಕಿನ ಜೀವಕ್ಕೆ ಎರವಾಗುವ ಯಂತ್ರ ಸ್ಲೈಡ್‌ಔಟ್. ನಿಂತಾಗ ಗೋಡೆಯ ಒಂದು ಭಾಗ ಹೊರಚಾಚಿ ಕೋಣೆ ಅಗಲವಾಗುತ್ತದೆ, ಹೊರಡುವಾಗ ಮೋಟಾರು ಅದನ್ನು ಒಳಗೆಳೆಯುತ್ತದೆ. ಚಾಚಿದ ಮಂಚ ಅಥವಾ ಸೋಫಾದ ಅಡಿಯಲ್ಲಿ, ಹಿಂದುಗಡೆ, ಕೈ ತೂರುವಷ್ಟು ಸಂದು ಇರುತ್ತದೆ. ಬೆಕ್ಕಿಗೆ ಅದಕ್ಕಿಂತ ಒಳ್ಳೆಯ ಗುಹೆ ಇಲ್ಲ. ಮೋಟಾರಿನ ಸದ್ದಿಗೆ ಹೆದರಿದ ಬೆಕ್ಕು ಹೊರಗೆ ಬರುವುದಿಲ್ಲ, ಇನ್ನೂ ಒಳಕ್ಕೆ ಸರಿಯುತ್ತದೆ. ಅನಾಹುತ ಆಗುವುದು ಹೀಗೆಯೇ. "ಈಗಷ್ಟೇ ಅಲ್ಲಿ ಮಲಗಿತ್ತಲ್ಲ" ಎನ್ನುವ ನೆನಪನ್ನು ನಂಬಬಾರದು. ಬೆಕ್ಕು ಕ್ಯಾರಿಯರ್ ಒಳಗಿದೆ, ಕ್ಯಾರಿಯರ್ ಬಾಗಿಲು ಹಾಕಿದೆ ಎಂದು ಕಣ್ಣಾರೆ ಕಂಡ ಮೇಲೆ ಮಾತ್ರ ಸ್ವಿಚ್ ಮುಟ್ಟಬೇಕು. ಸ್ವಿಚ್‌ಗೆ "ಬೆಕ್ಕು ಎಲ್ಲಿ?" ಎಂದು ಬರೆದ ದಪ್ಪ ಚೀಟಿ ತೂಗುಹಾಕಿ, ಅದನ್ನು ತೆಗೆಯದೆ ಗುಂಡಿ ಒತ್ತಲಾಗದಂತೆ ಮಾಡುವುದು ಬಹಳ ಉಪಯುಕ್ತ. ನಿಂತ ಊರಲ್ಲಿ ಸ್ಲೈಡ್ ಹೊರತಳ್ಳುವಾಗಲೂ ಇದೇ ಕ್ರಮ.

ಸಿಂಕಿನ ಕೆಳಗೆ, ಶವರ್‌ನ ಹಿಂದೆ ಪೈಪು ಹಾದುಹೋಗಲು ಕೊರೆದ ತೂತುಗಳು ಪೈಪಿಗಿಂತ ದೊಡ್ಡದಾಗಿರುತ್ತವೆ. ಅಲ್ಲಿಂದ ನುಸುಳಿದ ಬೆಕ್ಕು ಗಾಡಿಯ ಅಡಿಹೊಟ್ಟೆ ಸೇರಬಹುದು. ಬರೀ ಫೋಮ್ ತುಂಬಿದರೆ ಕೆರೆದು ತೆಗೆಯುತ್ತದೆ. ಅರ್ಧ ಇಂಚು ಕಣ್ಣಿನ ತಂತಿ ಜಾಲರಿಯನ್ನು ಕತ್ತರಿಸಿ, ಸ್ಕ್ರೂ ಹೊಡೆದು ಮುಚ್ಚಬೇಕು. ಲಿಟರ್ ಬಾಕ್ಸ್‌ಗೆ (ಬೆಕ್ಕಿನ ಶೌಚಕ್ಕೆ ಮಣ್ಣು ತುಂಬಿದ ತೊಟ್ಟಿ) ಊಟದ ಮೇಜಿನ ಬೆಂಚಿನ ಕೆಳಗಿನ ಪೆಟ್ಟಿಗೆ ಒಳ್ಳೆಯ ಜಾಗ, ಬದಿಯಲ್ಲಿ ಒಂದು ಬಾಗಿಲು ಕೊರೆದರಾಯಿತು. ಆದರೆ ಹೀಟರ್ ಗಾಳಿ ಎಳೆದುಕೊಳ್ಳುವ ಜಾಲರಿಯ ಪಕ್ಕದಲ್ಲಿ ಬೇಡ, ಮಣ್ಣಿನ ಧೂಳೆಲ್ಲ ಅದರೊಳಗೆ ಹೋಗುತ್ತದೆ. ಗಂಟು ಕಟ್ಟುವ ಮಣ್ಣಿನ ಲಿಟರನ್ನು ಟಾಯ್ಲೆಟ್‌ಗೆ ಹಾಕಲೇಬಾರದು. ಟಾಯ್ಲೆಟ್‌ನ ಕೊಳಚೆ ಸೇರುವ ಬ್ಲ್ಯಾಕ್ ಟ್ಯಾಂಕಿನ ತಳದಲ್ಲಿ ಅದು ಸಿಮೆಂಟಿನಂತೆ ಕೂತುಬಿಡುತ್ತದೆ.

ಕ್ವಾರ್ಟ್‌ಸೈಟ್‌ನಿಂದ ಏಪ್ರಿಲ್ ಹೊತ್ತಿಗೆ ಹೊರಟು, ಹೆದ್ದಾರಿ 10ರಲ್ಲಿ ಫೀನಿಕ್ಸ್ ತಲುಪಿ, ಅಲ್ಲಿಂದ 17ರಲ್ಲಿ ಉತ್ತರಕ್ಕೆ ತಿರುಗಬೇಕು. ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲೆ ಒಂದು ಕಡಿದಾದ ಏರು, ಕ್ಯಾಂಪ್ ವರ್ಡೆ ದಾಟಿದ ಮೇಲೆ ಇನ್ನೊಂದು. ಎಂಜಿನ್ ಕಾಯದಂತೆ ಎಸಿ ಆರಿಸಿ ಎನ್ನುವ ಫಲಕಗಳು ಈ ರಸ್ತೆಯಲ್ಲಿ ಕಾಣುತ್ತವೆ. ಆ ಮಾತು ಕೇಳಿದರೆ ಪ್ರಾಣಿಗಳಿಗೆ ಸೆಕೆ, ಕೇಳದಿದ್ದರೆ ಎಂಜಿನ್‌ಗೆ ಕಷ್ಟ. ಬೆಳಕು ಹರಿಯುವ ಹೊತ್ತಿಗೆ ಏರು ಹತ್ತಿಬಿಟ್ಟರೆ ಎರಡೂ ತಪ್ಪುತ್ತದೆ. ತನ್ನದೇ ಎಂಜಿನ್ ಇರುವ ಮೋಟಾರ್‌ಹೋಮ್ ಆದರೆ ಜನರೇಟರ್ ಹಾಕಿ ಛಾವಣಿಯ ಎಸಿ ಓಡಿಸಬಹುದು. ಎಳೆದೊಯ್ಯುವ ಟ್ರೇಲರ್ ಆದರೆ ಪ್ರಾಣಿಗಳು ಮುಂದಿನ ಗಾಡಿಯಲ್ಲೇ ಇರಬೇಕು, ಟ್ರೇಲರ್ ಒಳಗೆ ಎಂದಿಗೂ ಬೇಡ. ಒಳಗೆ ಏನೇ ಆದರೂ ಗಾಡಿ ಓಡಿಸುವವರಿಗೆ ತಿಳಿಯುವುದಿಲ್ಲ. ನಾಯಿಗೆ ಸೀಟ್ ಬೆಲ್ಟಿಗೆ ಸಿಕ್ಕಿಸುವ ಹಾರ್ನೆಸ್ ಹಾಕಿ, ಬೆಕ್ಕಿನ ಕ್ಯಾರಿಯರನ್ನು ಅಲುಗಾಡದಂತೆ ಬಿಗಿಯಬೇಕು.

ಫ್ಲ್ಯಾಗ್‌ಸ್ಟಾಫ್‌ನಿಂದ ಪೂರ್ವಕ್ಕೆ ಹೆದ್ದಾರಿ 40ರಲ್ಲಿ ಹೋದರೆ ಪೆಟ್ರಿಫೈಡ್ ಫಾರೆಸ್ಟ್. ಅಲ್ಲಿ ಲೀಶ್ (ಕೊರಳಪಟ್ಟಿಗೆ ಕಟ್ಟುವ ಹಗ್ಗ) ಹಾಕಿದ ನಾಯಿ ಕಲ್ಲಾದ ಮರಗಳ ನಡುವಿನ ಕಾಲುದಾರಿಗಳಲ್ಲಿ ನಡೆಯಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಇಂಥ ಸ್ವಾಗತ ಅಪರೂಪ, ಒಂದು ದಿನ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ನಾಯಿಗೆ ಮೇಲಿನ ಅಂಚಿನ ದಾರಿಗಳು ಮಾತ್ರ ಮುಕ್ತ. ಕಣಿವೆಯೊಳಗೆ ಇಳಿಯುವಂತಿಲ್ಲ, ಶಟಲ್ ಬಸ್ ಹತ್ತುವಂತಿಲ್ಲ, ಲೀಶ್ 6 ಅಡಿ ಮೀರುವಂತಿಲ್ಲ. ತಂಗುವುದಕ್ಕೆ ಮೇಥರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್ ಇಲ್ಲ, ಗಾಡಿ 30 ಅಡಿ ಮೀರಬಾರದು. ಪಕ್ಕದ ಟ್ರೇಲರ್ ವಿಲೇಜ್‌ನಲ್ಲಿ ಕರೆಂಟ್, ನೀರು, ಕೊಳಚೆ ಎಲ್ಲದಕ್ಕೂ ಸಂಪರ್ಕವಿದೆ.

ಕರೆಂಟ್ ಇರುವ ಜಾಗದಲ್ಲೇ ಎಡವುವವರು ಜಾಸ್ತಿ. ಎಸಿ ಹಾಕಿ, ಪ್ರಾಣಿಗಳನ್ನು ಒಳಗೆ ಬಿಟ್ಟು, ನಿಶ್ಚಿಂತೆಯಿಂದ ಹೋಗುತ್ತಾರೆ. 30 ಆಂಪ್ ಸಂಪರ್ಕದ ಲೆಕ್ಕ ನೋಡಿ: 13,500 ಬಿಟಿಯು ಎಸಿ ಸುಮಾರು 13 ಆಂಪ್ ಎಳೆಯುತ್ತದೆ, ನೀರು ಕಾಯಿಸುವ ಎಲಿಮೆಂಟ್ 12, ಮೈಕ್ರೋವೇವ್ 12ಕ್ಕೂ ಮೇಲೆ. ಮೂರೂ ಸೇರಿದರೆ 37, ಬ್ರೇಕರ್ ಬೀಳುತ್ತದೆ. ಮನೆಯಲ್ಲಿದ್ದಾಗ ಎದ್ದು ಹೋಗಿ ಎತ್ತಬಹುದು, ಹೊರಗಿದ್ದಾಗ ಎಸಿ ನಿಂತೇ ಇರುತ್ತದೆ. ಆದ್ದರಿಂದ ಹೊರಡುವ ಮೊದಲು ವಾಟರ್ ಹೀಟರನ್ನು ಗ್ಯಾಸಿಗೆ ಹಾಕಬೇಕು ಅಥವಾ ಆರಿಸಬೇಕು. ಇನ್ನೊಂದು ಕಾರಣ ವೋಲ್ಟೇಜ್. ಕ್ಯಾಂಪ್‌ಗ್ರೌಂಡ್ ತುಂಬಿ ಎಲ್ಲರ ಎಸಿ ಓಡುವ ಮಧ್ಯಾಹ್ನ 120 ವೋಲ್ಟ್ ಕುಸಿಯುತ್ತಾ ಬರುತ್ತದೆ. 104ರ ಸುಮಾರಿಗೆ ಇಳಿದರೆ ಸರ್ಜ್ ರಕ್ಷಕ ಯಂತ್ರ ಎಸಿಯ ಕಂಪ್ರೆಸರ್ ಉಳಿಸಲು ಕರೆಂಟನ್ನೇ ಕಡಿಯುತ್ತದೆ. ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ, ಒಳಗಿರುವ ನಾಯಿಗೆ ಮಾತ್ರ ಅದು ಅಪಾಯ. ಬಿಸಿಲಿನಲ್ಲಿ ನಿಂತ ಮುಚ್ಚಿದ ಕಾರಿನ ಒಳಗೆ 10 ನಿಮಿಷದಲ್ಲಿ ಸುಮಾರು 20 ಡಿಗ್ರಿ ಏರುತ್ತದೆ. ಆರ್‌ವಿ ಅಷ್ಟು ಬೇಗ ಕಾಯದಿದ್ದರೂ ಅದರ ತೆಳು ಗೋಡೆಗಳಿಂದ ಹೆಚ್ಚು ನಿರೀಕ್ಷಿಸಬಾರದು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗಂತೂ ಸಮಯ ಇನ್ನೂ ಕಡಿಮೆ.

ಹಾಗಾಗಿ ಒಳಗೆ ತಾಪಮಾನ ಅಳೆದು ಫೋನಿಗೆ ಸಂದೇಶ ಕಳಿಸುವ ಮಾನಿಟರ್ ಬೇಕೇ ಬೇಕು. ಅದಕ್ಕೆ ತನ್ನದೇ ಬ್ಯಾಟರಿ, ತನ್ನದೇ ಸಿಮ್ ಇರಬೇಕು. ವೈಫೈ ನಂಬಿದ ಮಾನಿಟರ್ ಅತಿ ಸಾಮಾನ್ಯ ತಪ್ಪು: ಕರೆಂಟ್ ಹೋದಾಗ ರೌಟರ್ ಕೂಡ ಸಾಯುತ್ತದೆ, ಎಚ್ಚರಿಕೆ ಬರಬೇಕಾದ ಹೊತ್ತಿಗೇ ಬರುವುದಿಲ್ಲ. 80 ಡಿಗ್ರಿಗೆ ಒಂದು ಎಚ್ಚರಿಕೆ, ಕರೆಂಟ್ ಹೋದ ತಕ್ಷಣ ಇನ್ನೊಂದು. ಛಾವಣಿಯ 12 ವೋಲ್ಟ್ ಫ್ಯಾನ್‌ಗೆ ಥರ್ಮೋಸ್ಟಾಟ್ ಇದ್ದರೆ ಎಸಿ ನಿಂತಾಗ ಅದು ತಾನಾಗಿ ಓಡಿ ಸ್ವಲ್ಪ ಸಮಯ ಗಳಿಸಿಕೊಡುತ್ತದೆ. ಆದರೆ ಹೊರಗೇ 100 ಡಿಗ್ರಿ ಇದ್ದರೆ ಫ್ಯಾನ್ ಒಳತರುವುದೂ ಅದೇ ಬಿಸಿ ಗಾಳಿ. ಅಂಥ ದಿನ 20 ನಿಮಿಷದಲ್ಲಿ ವಾಪಸಾಗಲಾಗದಷ್ಟು ದೂರ ಹೋಗಬಾರದು. ಕಣಿವೆಯ ಅಂಚಿನಲ್ಲಿ ಸಿಗ್ನಲ್ ಎಲ್ಲಿ ಸಾಯುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ಎಚ್ಚರಿಕೆ ತಲುಪುವ ಜಾಗದಲ್ಲಿ ನಾವು ಇಲ್ಲದಿದ್ದರೆ ಮಾನಿಟರ್ ಇದ್ದೂ ಇಲ್ಲದಂತೆ. ಬಾಗಿಲ ಗಾಜಿಗೆ "ಒಳಗೆ ಪ್ರಾಣಿಗಳಿವೆ" ಎಂದು ಬರೆದು ಫೋನ್ ನಂಬರ್ ಅಂಟಿಸಿದರೆ ನೆರೆಯವರು ಕರೆಯುತ್ತಾರೆ.

ಮುಂದೆ ಪೇಜ್, ಸುಮಾರು 4,300 ಅಡಿ. ಇಲ್ಲಿ ಇಳಿದ ಮೇಲೆ ಮತ್ತೆ ಸೆಕೆ, ಆದ್ದರಿಂದ ಮೇ ಮಧ್ಯದೊಳಗೆ ದಾಟಿಬಿಡಬೇಕು. ಹಾರ್ಸ್‌ಶೂ ಬೆಂಡ್‌ಗೆ ಲೀಶ್ ಹಿಡಿದು ನಾಯಿ ಕರೆದೊಯ್ಯಬಹುದು, ಹೋಗಿಬರಲು ಒಂದೂವರೆ ಮೈಲಿ, ದಾರಿಯಲ್ಲಿ ನೆರಳು ಬಹಳ ಕಡಿಮೆ. ಅಂಗೈಯ ಹಿಂಭಾಗವನ್ನು ನೆಲಕ್ಕೆ 7 ಸೆಕೆಂಡ್ ಒತ್ತಿ ಹಿಡಿಯಲಾಗದಿದ್ದರೆ ಪಾದಗಳಿಗೂ ಆ ನೆಲ ಸಲ್ಲದು. ಆಂಟೆಲೋಪ್ ಕ್ಯಾನ್ಯನ್ ಪ್ರವಾಸಕ್ಕೆ ಪ್ರಾಣಿಗಳಿಗೆ ಪ್ರವೇಶವಿಲ್ಲ.

ಕನಾಬ್ ಯೂಟಾದ ಸಣ್ಣ ಊರು. ಅನಾಥ ಪ್ರಾಣಿಗಳನ್ನು ಸಾಕುವ ಬೆಸ್ಟ್ ಫ್ರೆಂಡ್ಸ್ ಆಶ್ರಯಧಾಮ ಇರುವುದು ಇಲ್ಲೇ. ಪಶ್ಚಿಮಕ್ಕೆ ಜಿಯಾನ್ ಉದ್ಯಾನ. ಅಲ್ಲಿ ನಾಯಿಗೆ ತೆರೆದಿರುವುದು ಪಾರಸ್ ಎನ್ನುವ ಒಂದೇ ದಾರಿ, ಅದೂ ವರ್ಜಿನ್ ನದಿಯ ಪಕ್ಕದಲ್ಲಿ. ದಾಹಕ್ಕೆ ನದಿ ಕಡೆ ಎಳೆಯುವ ನಾಯಿಯನ್ನು ಗಟ್ಟಿಯಾಗಿ ಹಿಡಿಯಬೇಕು. 2020ರಲ್ಲಿ ಆ ನದಿಯ ಸಯನೋಬ್ಯಾಕ್ಟೀರಿಯಾ (ನೀಲಿ-ಹಸಿರು ಪಾಚಿ) ವಿಷದಿಂದ ಒಂದು ನಾಯಿಮರಿ ಸತ್ತಿದೆ. ವಿಷವಿರುವ ಪಾಚಿಯ ಪದರ ಕಲ್ಲಿನ ಮೇಲೂ ಇರುವುದರಿಂದ ನೀರು ತಿಳಿಯಾಗಿ ಕಂಡರೂ ನಂಬುವಂತಿಲ್ಲ. ಕುಡಿಯಲು ಟ್ಯಾಂಕಿನ ನೀರನ್ನೇ ಒಯ್ಯಬೇಕು. ಆ ಟ್ಯಾಂಕನ್ನು ವರ್ಷಕ್ಕೆರಡು ಸಲವಾದರೂ 15 ಗ್ಯಾಲನ್‌ಗೆ ಕಾಲು ಕಪ್ ಬ್ಲೀಚ್ ಬೆರೆಸಿ, ನಲ್ಲಿಗಳಲ್ಲೆಲ್ಲ ವಾಸನೆ ಬರುವವರೆಗೆ ಹರಿಸಿ, ರಾತ್ರಿಯಿಡೀ ಬಿಟ್ಟು, ವಾಸನೆ ಹೋಗುವಷ್ಟು ತೊಳೆಯಬೇಕು.

ಬ್ರೈಸ್‌ನಲ್ಲಿ ನಾಯಿಗೆ ಸಿಗುವುದು ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ವರೆಗಿನ ಅಂಚಿನ ದಾರಿ ಮತ್ತು ಡಾಂಬರು ಹಾಕಿದ ಜಾಗಗಳು. ಇಲ್ಲಿನ ಪ್ರೇರಿ ನಾಯಿಗಳಲ್ಲಿ (ಹೆಸರಲ್ಲಿ ನಾಯಿ ಇದ್ದರೂ ಇವು ಬಿಲದಲ್ಲಿರುವ ಅಳಿಲಿನ ಜಾತಿಯ ಪ್ರಾಣಿಗಳು) ಪ್ಲೇಗ್ ಇರುವುದುಂಟು, ಅದನ್ನು ಹರಡುವುದು ಚಿಗಟ. ಬಿಲಗಳ ಬಳಿ ಮೂಸಲು ಬಿಡದಿರುವುದು, ಬೆಕ್ಕಿಗೂ ಚಿಗಟದ ಔಷಧ ತಪ್ಪಿಸದಿರುವುದು ಅಗತ್ಯ. ನಾಯಿಯ ಔಷಧವನ್ನು ಬೆಕ್ಕಿಗೆ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿನ ಪ್ರಾಣಕ್ಕೇ ಸಂಚಕಾರ.

ಎತ್ತರಕ್ಕೆ ಬಂದ ಮೇಲೆ ಜನರೇಟರ್ ಸೊರಗುತ್ತದೆ. ಸಾವಿರ ಅಡಿಗೆ ಸುಮಾರು 3.5 ಶೇಕಡಾ ಶಕ್ತಿ ಇಳಿಯುತ್ತದೆ. ಸತತವಾಗಿ 1,800 ವ್ಯಾಟ್ ಕೊಡುವ ಸಣ್ಣ ಜನರೇಟರ್ 8,000 ಅಡಿಯಲ್ಲಿ 1,300ರ ಸುಮಾರಿಗೆ ನಿಲ್ಲುತ್ತದೆ. 13 ಆಂಪ್‌ನ ಎಸಿಗೆ 1,500 ಬೇಕು. ಕೆಳಗೆ ಎಸಿ ಎಳೆದ ಯಂತ್ರ ಇಲ್ಲಿ ಉಸಿರುಗಟ್ಟಿದರೆ ಅದು ಕೆಟ್ಟಿದೆ ಎಂದಲ್ಲ. ಪುಣ್ಯಕ್ಕೆ ಜೂನ್ ತಿಂಗಳಲ್ಲಿ ಬ್ರೈಸ್‌ನ ರಾತ್ರಿಗಳಿಗೆ ಬೇಕಾದದ್ದು ಹೀಟರ್.

ಯೆಲ್ಲೋಸ್ಟೋನ್‌ನ ನಿಯಮ ಎಲ್ಲಕ್ಕಿಂತ ಬಿಗಿ: ರಸ್ತೆ, ಪಾರ್ಕಿಂಗ್, ಕ್ಯಾಂಪ್‌ಗ್ರೌಂಡ್‌ಗಳಿಂದ 100 ಅಡಿಯೊಳಗೆ ಮಾತ್ರ ಪ್ರಾಣಿಗಳಿಗೆ ಅವಕಾಶ. ಕಾಲುದಾರಿ ಇಲ್ಲ, ಬಿಸಿನೀರಿನ ಬುಗ್ಗೆಗಳ ಮರದ ಹಾಸುದಾರಿ ಇಲ್ಲ. ಈ ನಿಯಮ ಅತಿಯಾಯಿತು ಎಂದು ಗೊಣಗುವವರು 1981ರ ಘಟನೆ ತಿಳಿಯಬೇಕು. ಒಂದು ನಾಯಿ ಗಾಡಿಯಿಂದ ತಪ್ಪಿಸಿಕೊಂಡು ಸೆಲೆಸ್ಟೀನ್ ಪೂಲ್ ಎನ್ನುವ ಕುದಿಯುವ ಕೊಳಕ್ಕೆ ಹಾರಿತು. ಅದನ್ನು ಉಳಿಸಲು ಧುಮುಕಿದ ಯುವಕನೂ ಬದುಕಲಿಲ್ಲ, ನಾಯಿಯೂ ಬದುಕಲಿಲ್ಲ. ಕೊಳದ ನೀರು ನಾಯಿಗೆ ಬರೀ ನೀರಾಗಿಯೇ ಕಾಣುತ್ತದೆ. ಪಾರ್ಕಿಂಗ್‌ನಲ್ಲಿ ಬಾಗಿಲು ತೆರೆಯುವ ಮೊದಲೇ ಲೀಶ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಕೈಗೆ ಬಂದ ಮೇಲೆ ಚಿಲಕ ತೆಗೆಯಬೇಕು. ಇಬ್ಬರಿದ್ದರೆ ಸರದಿಯಲ್ಲಿ ನೋಡಿಬರುವುದು ಸೂಕ್ತ. ತಂಗಲು ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕ್ ಇದೆ. ಕರಡಿಗಳ ಓಡಾಟದಿಂದಾಗಿ ಅಲ್ಲಿ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಜಾಗ. ನಾಯಿಯ ಊಟದ ಬಟ್ಟಲು, ನೀರಿನ ಬಟ್ಟಲು ಕೂಡ ರಾತ್ರಿ ಹೊರಗಿರಬಾರದು.

ಇಲ್ಲಿಂದ ಕೆನಡಾಕ್ಕೆ ದಾಟುವವರು ವಾಪಸಾತಿಯ ಕಾಗದವನ್ನೂ ಮೊದಲೇ ಸಿದ್ಧ ಮಾಡಿಕೊಳ್ಳಬೇಕು. 2024ರ ಆಗಸ್ಟ್ 1ರಿಂದ ಅಮೆರಿಕದೊಳಗೆ ಬರುವ ನಾಯಿಗೆ ಕನಿಷ್ಠ 6 ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು, ಸಿಡಿಸಿಯ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಆಮದು ಫಾರಂ ತುಂಬಿರಬೇಕು. ಇಲ್ಲೇ ಜನಿಸಿ ವಾಪಸು ಬರುವ ನಾಯಿಗೂ ಇದು ಅನ್ವಯ.

ಸೆಪ್ಟೆಂಬರ್‌ನಲ್ಲಿ ಯೆಲ್ಲೋಸ್ಟೋನ್‌ನಲ್ಲಿ ಹಿಮ ಬೀಳಬಹುದು, ಅದೇ ತಿಂಗಳ 15ಕ್ಕೆ ಲಾ ಪೋಸಾ ತೆರೆಯುತ್ತದೆ. ತೆರೆಯಿತೆಂದು ನೇರ ಇಳಿಯಬೇಡಿ. ಆಗ ಕ್ವಾರ್ಟ್‌ಸೈಟ್‌ನಲ್ಲಿ 100 ಡಿಗ್ರಿ ದಾಟುವುದು ಮಾಮೂಲು, ಅಲ್ಲಿ ಕರೆಂಟ್ ಇಲ್ಲ. ಹತ್ತಿದ ಮೆಟ್ಟಿಲುಗಳನ್ನೇ ಹಿಡಿದು ನಿಧಾನ ಇಳಿಯುತ್ತಾ, ಕನಾಬ್‌ನಲ್ಲಿ ಅಕ್ಟೋಬರ್ ಕಳೆದು, ನವೆಂಬರ್‌ನಲ್ಲಿ ಮರುಭೂಮಿ ಸೇರಿದರೆ ನಾಯಿ ಮಧ್ಯಾಹ್ನವೂ ಗಾಡಿಯ ನೆರಳಲ್ಲಿ ಹಾಯಾಗಿ ಮಲಗುತ್ತದೆ.