ಮೊಸಳೆ ನೋಡೋಕೆ ಹೊರಟಿದ್ದೀರಾ? ಸೋಮವಾರ ಬೇಡ

ಚೆನ್ನೈಗೆ ಮಗಳ ಮನೆಗೆ ಹೋದಾಗಲೆಲ್ಲ ಮೊಮ್ಮಕ್ಕಳದು ಒಂದೇ ವರಾತ, ಮೊಸಳೆ ತೋರಿಸಿ ಅಂತ. ಈ ಸಲ ಹೋದೆವು, ಒಂದಲ್ಲ ಎರಡು ಸಲ. ಮೊದಲನೇ ಸಲ ಗೇಟು ನೋಡಿಕೊಂಡು ವಾಪಸ್ ಬಂದೆವು, ಸೋಮವಾರ ರಜೆ. ತಪ್ಪು ನನ್ನದೇ. ಭಾನುವಾರ ಜನ ಜಾಸ್ತಿ, ಮರುದಿನ ಹೋಗೋಣ ಅಂತ ಜಾಣತನ ತೋರಿಸಿದ್ದೆ.

ಜಾಗ ಮದ್ರಾಸ್ ಕ್ರೊಕೊಡೈಲ್ ಬ್ಯಾಂಕ್. ಚೆನ್ನೈನಿಂದ ಸುಮಾರು 40 ಕಿ.ಮೀ., ಮಹಾಬಲಿಪುರಕ್ಕೆ ಹೋಗುವ ಈಸಿಆರ್ (ಈಸ್ಟ್ ಕೋಸ್ಟ್) ರಸ್ತೆಯಲ್ಲೇ ಇದೆ. ಕಾರಿಲ್ಲದಿದ್ದರೂ ತೊಂದರೆಯಿಲ್ಲ, ಮಹಾಬಲಿಪುರದ ಬಸ್ಸುಗಳು ಅದರ ಮುಂದೆಯೇ ಹೋಗುತ್ತವೆ. 1976ರಲ್ಲಿ ಇದನ್ನು ಶುರು ಮಾಡಿದವರು ರಾಮುಲಸ್ ವಿಟೇಕರ್. ನಮ್ಮ ಆಗುಂಬೆಯಲ್ಲಿ ಕಾಳಿಂಗ ಸರ್ಪದ ಅಧ್ಯಯನಕ್ಕೆ ಕೇಂದ್ರ ಮಾಡಿದ್ದಾರಲ್ಲ, ಅವರೇ. ಆ ಕಾಲಕ್ಕೆ ಚರ್ಮದ ಆಸೆಗೆ ಬೇಟೆಯಾಡಿ ಮೊಸಳೆಗಳು ತೀರಾ ಕಡಿಮೆಯಾಗಿದ್ದವು. ಇಲ್ಲಿ ಮರಿ ಮಾಡಿಸಿ ಉಳಿಸೋಣ ಅಂತ ಬ್ಯಾಂಕ್ ಎಂಬ ಹೆಸರು.

ಬೆಳಿಗ್ಗೆ ಗೇಟು ತೆಗೆಯುವ ಹೊತ್ತಿಗೇ ಹೋಗಿ. ಮರದ ನೆರಳು ಬೇಕಾದಷ್ಟಿದೆ, ಆದರೆ ಸಮುದ್ರದ ಪಕ್ಕದ ಸೆಕೆ ಗೊತ್ತಲ್ವಾ, ಹನ್ನೊಂದರ ಮೇಲೆ ಮಕ್ಕಳು ಜೋಲುಮೋರೆ ಹಾಕುತ್ತವೆ. ಇನ್ನೊಂದು ಮಾತು. ಮೊಸಳೆ ಅಲ್ಲಾಡುವುದಿಲ್ಲ. ಬಾಯಿ ತೆರೆದುಕೊಂಡು ಗಂಟೆಗಟ್ಟಲೆ ಬಿದ್ದಿರುತ್ತದೆ, ಸಿಟ್ಟಿಗಲ್ಲ, ಮೈ ತಂಪು ಮಾಡಿಕೊಳ್ಳೋಕೆ. ನಮ್ಮ ನಾಲ್ಕು ವರ್ಷದವನು ಎರಡೇ ನಿಮಿಷಕ್ಕೆ 'ಇನ್ನೊಂದು ತೋರಿಸು' ಅಂದ. ಎಲ್ಲ ಕೊಳಕ್ಕೂ ಓಡಬೇಡಿ, ಒಂದೆರಡು ಕಡೆ ನಿಂತು ನೋಡಿ. ಘರಿಯಾಲ್ ಅನ್ನೋ ಜಾತಿಯ ಮೊಸಳೆಗಳ ಕೊಳದ ಹತ್ತಿರ ನಾವು ಅರ್ಧ ಗಂಟೆ ಇದ್ದೆವು. ಇಷ್ಟುದ್ದ ಸಪೂರ ಮೂತಿ, ಗಂಡಿನ ಮೂತಿ ತುದಿಯಲ್ಲಿ ಪುಟ್ಟ ಗಡಿಗೆ ಬೋರಲು ಹಾಕಿದ ಹಾಗೆ ಉಬ್ಬು. ಅದಕ್ಕೇ ಆ ಹೆಸರು, ಹಿಂದಿಯಲ್ಲಿ ಘಡಾ ಅಂದರೆ ಗಡಿಗೆ. ಹಿರಿಯವಳಿಗೆ ಅದನ್ನು ಹೇಳಿದ್ದೇ ತಡ, ಯಾವುದು ಗಂಡು, ಯಾವುದು ಹೆಣ್ಣು ಅಂತ ಎಲ್ಲವನ್ನೂ ವಿಂಗಡಿಸುತ್ತಾ ನಿಂತಳು.

ಖಂಡಿತ ತಪ್ಪಿಸಬಾರದ್ದು ಹಾವಿನ ವಿಷ ತೆಗೆಯುವ ಜಾಗ. ಅದು ಇರುಳ ಎಂಬ ಬುಡಕಟ್ಟಿನವರ ಸಹಕಾರ ಸಂಘದ್ದು, ಅದೇ ಆವರಣದಲ್ಲಿದೆ, ಟಿಕೆಟ್ ಬೇರೆ. ಹಾವು ಹಿಡಿಯುವುದು ಅವರ ಕುಲಕಸುಬು. ಅವರಲ್ಲಿ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೂ 2023ರಲ್ಲಿ ಪದ್ಮಶ್ರೀ ಬಂತು. ಸಾಲಾಗಿ ಮಣ್ಣಿನ ಮಡಕೆಗಳು, ಬಾಯಿಗೆ ಬಟ್ಟೆ ಬಿಗಿದು ಕಟ್ಟಿರುತ್ತಾರೆ, ಒಳಗೆ ನಾಗರ, ಕೊಳಕುಮಂಡಲ. ಒಬ್ಬರು ಬರಿಗೈಯಲ್ಲೇ ಹಾವಿನ ತಲೆ ಹಿಡಿದು, ಮೇಲೆ ತೆಳು ಹಾಳೆ ಬಿಗಿದ ಗಾಜಿನ ಪಾತ್ರೆಯನ್ನು ಕಚ್ಚಿಸಿದರು. ಗಾಜಿನೊಳಗೆ ಎರಡು ಹಳದಿ ಹನಿ ಇಳಿಯಿತು, ಅಷ್ಟೇ. ಕುದುರೆಗೆ ಈ ವಿಷವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ಹಾವು ಕಡಿತದ ಔಷಧಿ ಮಾಡುತ್ತಾರೆ. ಒಂದು ಹಾವನ್ನು ತಿಂಗಳಷ್ಟೇ ಇಟ್ಟುಕೊಂಡು, ಮತ್ತೆ ಅದೇ ಸಿಗಬಾರದೆಂದು ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಕಾಡಿಗೆ ಬಿಡುತ್ತಾರೆ. ಹಾವೆಂದರೆ ಕಾಲು ಮೇಲೆತ್ತುವ ನಾನೇ ಮುಂದಿನ ಸಾಲಿನಲ್ಲಿ ಕೂತಿದ್ದೆ. ತುಂಬಾ ಚಿಕ್ಕ ಮಕ್ಕಳನ್ನು ಮಾತ್ರ ತೊಡೆ ಮೇಲೇ ಇಟ್ಟುಕೊಳ್ಳಿ.

ಟೋಪಿ, ಮೊಬೈಲು ಗೋಡೆಯಾಚೆ ಚಾಚಬೇಡಿ, ಬಿದ್ದರೆ ಹೋಯಿತು. ಮಕ್ಕಳು ಕಲ್ಲೆಸೆಯದ ಹಾಗೂ ನೋಡಿಕೊಳ್ಳಿ, ಅಲ್ಲಿ ದೊಡ್ಡವರೇ ಎಸೆಯೋಕೆ ಹೊರಟಿದ್ದನ್ನು ಕಂಡೆ. ನೀರು, ಮೊಸರನ್ನ ಮನೆಯಿಂದಲೇ ಒಯ್ಯಿರಿ, ಊಟ ಮಾತ್ರ ಹೊರಗೆ ಬಂದ ಮೇಲೆ.

ಮಹಾಬಲಿಪುರ ಅಲ್ಲಿಂದ ಹದಿನೈದು ಕಿ.ಮೀ. ಅಷ್ಟೇ ಅಂತ ಅದನ್ನೂ ಅದೇ ದಿನಕ್ಕೆ ಸೇರಿಸುವ ಆಸೆ ನಿಮಗೂ ಬರುತ್ತದೆ. ನಾವು ಸೇರಿಸಿದೆವು. ತಲುಪುವಷ್ಟರಲ್ಲಿ ಎರಡೂ ಮಕ್ಕಳು ಗೊರಕೆ. ನಮ್ಮ ಯಜಮಾನರು ಒಬ್ಬರೇ ಇಳಿದು ಕಡಲತೀರದ ದೇವಸ್ಥಾನ ನೋಡಿಕೊಂಡು ಬಂದರು, ನಾನು ಕಾರಲ್ಲಿ ಎಸಿ ಹಾಕಿಕೊಂಡು ಕಾವಲು ಕೂತೆ.